ಬೇರಿನ ಬಂಟರು, ಎಲೆಯ ಕಾವಲು: ಹೇಳಿಕೆಗಳನ್ನು ಅಳೆದು ನೋಡೋಣ

ಬೇರಿನ ಸುತ್ತ ವಾಸಿಸುವ ಕೆಲವು ಸೂಕ್ಷ್ಮಜೀವಿಗಳು, ಎಲೆ ತಿನ್ನುವ ಕೀಟಗಳಿಂದ ಸಸ್ಯವನ್ನು ರಕ್ಷಿಸುತ್ತವೆ. ಈ ವಾಕ್ಯವನ್ನು ಈಚಿನ ವರ್ಷಗಳಲ್ಲಿ ನೀವು ಹಲವು ರೂಪಗಳಲ್ಲಿ ಓದಿರುತ್ತೀರಿ. ಪತ್ರಿಕಾ ಲೇಖನಗಳಲ್ಲಿ ಅದು ‘ಗಿಡಗಳಿಗೆ ಲಸಿಕೆ’ ಎಂದಾಗುತ್ತದೆ. ಜನಪ್ರಿಯ ಪುಸ್ತಕಗಳಲ್ಲಿ ‘ನೆಲದೊಳಗಿನ ಇಂಟರ್ನೆಟ್’ ಎಂದಾಗುತ್ತದೆ. ಕೃಷಿ ಮೇಳದ ಮಳಿಗೆಯಲ್ಲಿ ಕೈಗೆ ಸಿಗುವ ಕರಪತ್ರದಲ್ಲಿ ‘ಬೇರಿಗೆ ಹಾಕಿ, ಹುಳುವನ್ನು ಮರೆತುಬಿಡಿ’ ಎಂಬ ಧಾಟಿಗೆ ಇಳಿಯುತ್ತದೆ. ಮೂಲ ವಾಕ್ಯ ತಪ್ಪಲ್ಲ. ಆದರೆ ಪ್ರಯೋಗಾಲಯದಿಂದ ಕರಪತ್ರದವರೆಗಿನ ದಾರಿಯಲ್ಲಿ ಅದು ಕಳೆದುಕೊಂಡಿರುವ ಷರತ್ತುಗಳು ಬಹಳ. ಆ ಷರತ್ತುಗಳು ಯಾವುವು ಎಂಬುದನ್ನು ನೋಡುವುದೇ ಈ ಲೇಖನದ ಉದ್ದೇಶ.

ಭೌತಶಾಸ್ತ್ರದವನಿಗೆ ಈ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಒಂದು ಪರಿಣಾಮವಿದೆ ಎಂದು ಹೇಳಿದಾಗ ಅದರ ಪ್ರಮಾಣವೆಷ್ಟು, ಬೇರೆ ಕಾರಣಗಳನ್ನು ಹೇಗೆ ಹೊರಗಿಟ್ಟಿರಿ, ಮತ್ತೊಂದು ಸ್ಥಳದಲ್ಲಿ ಅದೇ ಫಲಿತಾಂಶ ಬಂದಿತೇ ಎಂದು ಕೇಳುವುದು ಯಾವ ಒಂದು ಶಾಖೆಯ ಸ್ವತ್ತೂ ಅಲ್ಲ. ಇಲ್ಲಿ ಆ ಪ್ರಶ್ನೆಗಳಿಗೆ ಬರುವ ಉತ್ತರದ ಮೇಲೆ ರೈತನ ಒಂದು ಹಂಗಾಮಿನ ಬೆಳೆ ನಿಂತಿದೆ.

ಮೊದಲು, ಗಟ್ಟಿಯಾಗಿ ನಿಂತಿರುವ ಸಂಗತಿ

1991ರಲ್ಲಿ ಮೂರು ಸಂಶೋಧನಾ ತಂಡಗಳು ಪ್ರತ್ಯೇಕವಾಗಿ, ಸೌತೆ, ಕಾರ್ನೇಶನ್ ಮತ್ತು ಬೀನ್ಸ್ ಗಿಡಗಳಲ್ಲಿ ಒಂದೇ ಬಗೆಯ ಸಂಗತಿಯನ್ನು ವರದಿ ಮಾಡಿದವು. ಬೀಜಕ್ಕೋ ಬೇರಿಗೋ ನಿರಪಾಯಕಾರಿ ಬ್ಯಾಕ್ಟೀರಿಯವನ್ನು ಸೇರಿಸಿದರೆ ಗಿಡದ ಮೇಲ್ಭಾಗದಲ್ಲಿ ರೋಗ ಕಡಿಮೆಯಾಗುತ್ತಿತ್ತು. ಬ್ಯಾಕ್ಟೀರಿಯ ಬೇರಿನಲ್ಲಿ, ರೋಗಾಣು ಎಲೆಯಲ್ಲಿ ಅಥವಾ ಕಾಂಡದಲ್ಲಿ. ಎರಡೂ ಎದುರುಬದುರಾಗುವ ಅವಕಾಶವೇ ಇಲ್ಲ. ಹಾಗಾದರೆ ರೋಗಾಣುವನ್ನು ತಡೆದದ್ದು ಬ್ಯಾಕ್ಟೀರಿಯವಲ್ಲ, ಅದರಿಂದ ಎಚ್ಚೆತ್ತ ಗಿಡವೇ. ಇದಕ್ಕೆ ‘ಪ್ರೇರಿತ ಸರ್ವಾಂಗ ನಿರೋಧ’ ಎಂಬ ಹೆಸರು ಬಂತು. ಕಾರಣವನ್ನೂ ಪರಿಣಾಮವನ್ನೂ ಹೀಗೆ ಬೇರೆ ಬೇರೆ ಜಾಗದಲ್ಲಿಟ್ಟು ನೋಡಿದ್ದೇ ಈ ಪ್ರಯೋಗಗಳ ಬಲ.

ನೆದರ್ಲೆಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದಲ್ಲಿ ಕೋರ್ನೆ ಪೀಟರ್ಸೆ ಮತ್ತು ಸಂಗಡಿಗರು ಸಾಸಿವೆ ಕುಟುಂಬದ ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ ಇದರ ಒಳಗುಟ್ಟನ್ನು ಹುಡುಕಿದರು. ಸೂಡೊಮೊನಾಸ್ ಜಾತಿಯ ಡಬ್ಲ್ಯುಸಿಎಸ್417 ಎಂಬ ತಳಿಯನ್ನು ಬಳಸಿ ಅವರು 1998ರಲ್ಲಿ ತೋರಿಸಿದ್ದು ಇದು: ಈ ನಿರೋಧಕ್ಕೆ ಜಾಸ್ಮೊನಿಕ್ ಆಮ್ಲ ಮತ್ತು ಎಥಿಲೀನ್ ಎಂಬ ಎರಡು ಹಾರ್ಮೋನುಗಳ ಸಂಕೇತ ಮಾರ್ಗಗಳು ಬೇಕು, ರೋಗ ತಗುಲಿದಾಗ ಸಾಮಾನ್ಯವಾಗಿ ಕೆಲಸ ಮಾಡುವ ಸ್ಯಾಲಿಸಿಲಿಕ್ ಆಮ್ಲದ ಶೇಖರಣೆ ಬೇಕಿಲ್ಲ. ಜಾಸ್ಮೊನಿಕ್ ಆಮ್ಲದ ಹೆಸರಿನಲ್ಲಿಯೇ ಮಲ್ಲಿಗೆಯಿದೆ. ಅದರ ಒಂದು ಸಂಯುಕ್ತ ಮಲ್ಲಿಗೆಯ ಪರಿಮಳದ ಭಾಗ. ಕಂಬಳಿಹುಳು ಎಲೆಯನ್ನು ಕಡಿದಾಗ ಗಿಡದಲ್ಲಿ ಏರುವುದೂ ಇದೇ ಹಾರ್ಮೋನು. ಬೇರಿನ ಬ್ಯಾಕ್ಟೀರಿಯ ಮತ್ತು ಎಲೆಯ ಹುಳು ಒಂದೇ ಸಂಕೇತ ಮಾರ್ಗದಲ್ಲಿ ಸಂಧಿಸುತ್ತವೆ ಎಂಬ ನಿರೀಕ್ಷೆ ಹುಟ್ಟಿದ್ದು ಇಲ್ಲಿಂದ.

ಇನ್ನೊಂದು ಮುಖ್ಯ ಅಂಶವಿದೆ. ಬ್ಯಾಕ್ಟೀರಿಯ ಬಂದ ಕೂಡಲೇ ಗಿಡ ತನ್ನ ರಕ್ಷಣಾ ಜೀನುಗಳನ್ನೆಲ್ಲ ಚಾಲೂ ಮಾಡುವುದಿಲ್ಲ. ಅದು ಸನ್ನದ್ಧವಾಗಿರುತ್ತದೆ, ಅಷ್ಟೆ. ಹುಳು ಕಡಿದಾಗ ಪ್ರತಿಕ್ರಿಯೆ ಹೆಚ್ಚು ಬೇಗ, ಹೆಚ್ಚು ಬಲವಾಗಿ ಬರುತ್ತದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಅಪಾಯದ ಗಂಟೆ ಬಾರಿಸುತ್ತಿಲ್ಲ. ಅದು ಬಾರಿಸಬೇಕಾದ ಹೊಸ್ತಿಲನ್ನು ಇಳಿಸಲಾಗಿದೆ. ಗಿಡಕ್ಕೆ ಇದು ಅಗ್ಗದ ವ್ಯವಸ್ಥೆ. 2006ರಲ್ಲಿ ಉಟ್ರೆಕ್ಟ್‌ನ ಅದೇ ಬಳಗ ಬ್ಯಾಕ್ಟೀರಿಯದ ಬದಲು ಒಂದು ರಾಸಾಯನಿಕದಿಂದ ಗಿಡಗಳನ್ನು ಸನ್ನದ್ಧಗೊಳಿಸಿ, ರಕ್ಷಣೆಯನ್ನು ಸದಾ ಚಾಲೂ ಇಡುವುದಕ್ಕಿಂತ ಸನ್ನದ್ಧವಾಗಿಡುವುದರ ವೆಚ್ಚ ಕಡಿಮೆ ಎಂದು ತೋರಿಸಿತು.

‘ಲಸಿಕೆ’ ಎಂಬ ಮಾತಿನ ತೊಡಕು

ಇಷ್ಟು ತಿಳಿದ ಮೇಲೆ ಲಸಿಕೆಯ ಹೋಲಿಕೆ ಸಹಜವಾಗಿ ಬಾಯಿಗೆ ಬರುತ್ತದೆ. ಆದರೆ ಲಸಿಕೆ ಎಂದರೆ ಓದುಗನ ಮನಸ್ಸಿಗೆ ಬರುವುದೇನು? ನಿರ್ದಿಷ್ಟ ಶತ್ರುವಿನ ಗುರುತು, ಅದರ ನೆನಪು, ಬಹುಕಾಲದ ರಕ್ಷಣೆ. ಗಿಡದಲ್ಲಿ ಪ್ರತಿಕಾಯಗಳೂ ಇಲ್ಲ, ಸಂಚರಿಸುವ ರಕ್ಷಕ ಕೋಶಗಳೂ ಇಲ್ಲ. ಹೆಚ್ಚು ತೊಂದರೆಯೆಂದರೆ, ಈ ಹೋಲಿಕೆ ‘ರಕ್ಷಣೆ ಬಲಗೊಳ್ಳುತ್ತದೆ’ ಎಂಬ ಒಂದೇ ದಿಕ್ಕಿನ ಚಿತ್ರವನ್ನು ಕೊಡುತ್ತದೆ. ಕೀಟಗಳ ವಿಷಯದಲ್ಲಿ ಬಂದ ಮೊದಮೊದಲ ಫಲಿತಾಂಶಗಳಲ್ಲಿ ಒಂದು ಇದಕ್ಕೆ ತದ್ವಿರುದ್ಧವಾಗಿದೆ.

ಸೌತೆಕಾಯಿಯ ತುದಿ ಕತ್ತರಿಸಿ ಉಜ್ಜಿ ಕಹಿ ತೆಗೆಯುವ ರೂಢಿ ನಮ್ಮ ಮನೆಗಳಲ್ಲಿದೆ. ಆ ಕಹಿ ಕುಕುರ್ಬಿಟಾಸಿನ್ ಎಂಬ ವಸ್ತುಗಳದ್ದು. ಬಹುಪಾಲು ಪ್ರಾಣಿಗಳು ಅದನ್ನು ಮುಟ್ಟುವುದಿಲ್ಲ. ಗಿಡದ ಮಟ್ಟಿಗೆ ಅದೊಂದು ರಕ್ಷಣೆಯೇ. ಆದರೆ ಅಮೆರಿಕದಲ್ಲಿ ಸೌತೆ ಬಳ್ಳಿಗಳನ್ನು ಕಾಡುವ ಪಟ್ಟೆ ಮತ್ತು ಚುಕ್ಕೆ ದುಂಬಿಗಳಿಗೆ ಈ ಕಹಿಯೇ ರುಚಿ. ಅದು ಸಿಕ್ಕರೆ ಅವು ಇನ್ನಷ್ಟು ತಿನ್ನುತ್ತವೆ, ತಿನ್ನುತ್ತ ಬಳ್ಳಿ ಬಾಡುವ ಬ್ಯಾಕ್ಟೀರಿಯ ರೋಗವನ್ನೂ ಹರಡುತ್ತವೆ. ಅಲಬಾಮದ ಆಬರ್ನ್ ವಿಶ್ವವಿದ್ಯಾಲಯದ ಜೆಫ್ರಿ ಜೆಂಡರ್, ಜೋಸೆಫ್ ಕ್ಲೋಪರ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಬೇರಿನ ಬ್ಯಾಕ್ಟೀರಿಯದಿಂದ ಉಪಚರಿಸಿದ ಗಿಡಗಳನ್ನು ದುಂಬಿಗಳು ಕಡಿಮೆ ತಿಂದವು. ಆ ಗಿಡಗಳಲ್ಲಿ ಕುಕುರ್ಬಿಟಾಸಿನ್ ಕಡಿಮೆಯಾಗಿತ್ತು!

ಇಲ್ಲಿ ಗಿಡಕ್ಕೆ ನೆರವಾದದ್ದು ಒಂದು ವಿಷವಸ್ತುವಿನ ಹೆಚ್ಚಳವಲ್ಲ, ಅದರ ಇಳಿಕೆ. ಇದೇ ಬಳ್ಳಿಗೆ ಕಹಿಯನ್ನು ಸಹಿಸದ ಬೇರೆ ಕೀಟ ಬಂದರೆ ಏನಾಗಬಹುದು? ಲಸಿಕೆಯ ಹೋಲಿಕೆಯಲ್ಲಿ ಈ ಪ್ರಶ್ನೆಯೇ ಹುಟ್ಟುವುದಿಲ್ಲ. ಗಿಡದ ರಸಾಯನ ಬದಲಾಗಿದೆ, ಆ ಬದಲಾವಣೆ ಯಾವ ಕೀಟಕ್ಕೆ ಪ್ರತಿಕೂಲ, ಯಾವುದಕ್ಕೆ ಅನುಕೂಲ ಎಂದು ನೋಡಬೇಕು ಎಂದು ಹೇಳಿದ್ದರೆ ಪ್ರಶ್ನೆ ತಾನಾಗಿ ಏಳುತ್ತಿತ್ತು. ಹೋಲಿಕೆಗಳು ತಿಳಿವಳಿಕೆಗೆ ದಾರಿ ಮಾಡಬೇಕು. ಪ್ರಶ್ನೆಗೆ ಅಡ್ಡ ನಿಲ್ಲಬಾರದು.

ಯಾವ ಕೀಟ?

ಜನಪ್ರಿಯ ಬರಹಗಳಲ್ಲಿ ‘ಕೀಟ’ ಎಂಬುದು ಒಂದೇ ಜೀವಿ ಎಂಬಂತೆ ಬಳಕೆಯಾಗುತ್ತದೆ. ಪ್ರಯೋಗಗಳು ಹಾಗೆ ಹೇಳುವುದಿಲ್ಲ. 2008ರಲ್ಲಿ ಪ್ರಕಟವಾದ ಉಟ್ರೆಕ್ಟ್ ಮೂಲದ ಅಧ್ಯಯನವೊಂದರಲ್ಲಿ ಅದೇ ಡಬ್ಲ್ಯುಸಿಎಸ್417 ತಳಿ, ಹಲವು ಬೆಳೆಗಳನ್ನು ತಿನ್ನುವ ಸ್ಪೊಡಾಪ್ಟೆರ ಎಕ್ಸಿಗುವ ಎಂಬ ಹುಳುವಿನ ಬೆಳವಣಿಗೆಯನ್ನು ತಗ್ಗಿಸಿತು. ಎಲೆಕೋಸಿನ ಕುಟುಂಬವನ್ನೇ ನೆಚ್ಚಿಕೊಂಡಿರುವ ಬಿಳಿ ಚಿಟ್ಟೆಯ ಮರಿಹುಳುವಿಗೆ ಮಾತ್ರ ಏನೂ ಆಗಲಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. ಒಂದೇ ಕುಟುಂಬದ ಗಿಡಗಳನ್ನು ತಿಂದು ಬದುಕುವ ಹುಳು ಆ ಗಿಡಗಳ ವಿಷಕ್ಕೆ ಮದ್ದನ್ನು ವಿಕಾಸದ ಹಾದಿಯಲ್ಲಿ ಕಂಡುಕೊಂಡಿರುತ್ತದೆ.

ರಸ ಹೀರುವ ಕೀಟಗಳ ಕಥೆ ಇನ್ನೂ ತಿರುವುಮುರುವು. ಆನಾ ಪಿನೆಡ ಮತ್ತು ಸಹೋದ್ಯೋಗಿಗಳು 2012ರಲ್ಲಿ ಇದೇ ಬ್ಯಾಕ್ಟೀರಿಯ ಮತ್ತು ಇದೇ ಗಿಡದ ಮೇಲೆ ಎರಡು ಸಸ್ಯಹೇನುಗಳನ್ನು ಬಿಟ್ಟು ನೋಡಿದರು. ಎಲೆಕೋಸಿನ ಹೇನಿಗೆ ವ್ಯತ್ಯಾಸವಾಗಲಿಲ್ಲ. ಹಲವು ಗಿಡಗಳಲ್ಲಿ ಬದುಕುವ ಹಸಿರು ಹೇನು ಮಾತ್ರ ಉಪಚರಿತ ಗಿಡಗಳಲ್ಲಿ ಇನ್ನೂ ಚೆನ್ನಾಗಿ ಬೆಳೆಯಿತು. ‘ಪ್ರೇರಿತ ನಿರೋಧ’ ಎಂಬ ಮಾತಿಗೆ ಎದುರಾಗಿ ಅವರು ಇದನ್ನು ‘ಪ್ರೇರಿತ ದುರ್ಬಲತೆ’ ಎಂದೇ ಕರೆದರು. ಮರುವರ್ಷ ಬಂದ ಮತ್ತೊಂದು ವರದಿಯಲ್ಲಿ, ಹೇನು ಹತ್ತಿದ ಗಿಡ ಸೂಸುವ ವಾಸನೆಯನ್ನು ಹಿಡಿದು ಬರುವ ಪರಾವಲಂಬಿ ಕಣಜಗಳನ್ನು ಬೇರಿನ ಬ್ಯಾಕ್ಟೀರಿಯ ಕಡಿಮೆ ಆಕರ್ಷಕವಾಗಿಸಿದ ವಾಸನೆ ದಾರಿ ತಪ್ಪಿಸಿತ್ತು. ಅಂದರೆ ಗಿಡದ ಶತ್ರುವಿಗೆ ನೆರವು, ಮಿತ್ರನಿಗೆ ಅಡ್ಡಿ!

ಮೈಕೊರೈಜ ಶಿಲೀಂಧ್ರಗಳ ವಿಷಯದಲ್ಲೂ ಹೀಗೆಯೇ. ಜೂಲಿಯ ಕೊರಿಚೇವ, ಅಲನ್ ಗ್ಯಾಂಜ್ ಮತ್ತು ತಾರಾ ಜೋನ್ಸ್ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2009ರಲ್ಲಿ ಮಾಡಿದ ವಿಶ್ಲೇಷಣೆಯಲ್ಲಿ, ಬಹುಭಕ್ಷಕ ಎಲೆಹುಳುಗಳಿಗೆ ಮೈಕೊರೈಜ ಇರುವ ಗಿಡಗಳು ಒಗ್ಗಲಿಲ್ಲ. ಕೆಲವೇ ಗಿಡಗಳನ್ನು ತಿನ್ನುವ ಎಲೆಹುಳುಗಳು ಅಂಥ ಗಿಡಗಳನ್ನು ಹೆಚ್ಚಾಗಿಯೇ ತಿಂದವು.

ಇದರಲ್ಲಿ ರೈತನಿಗೆ ಹೊಸದೇನೂ ಇಲ್ಲದಿರಬಹುದು. ಯೂರಿಯ ಹೆಚ್ಚಾದ ಗದ್ದೆಗೆ ಕಂದು ಜಿಗಿಹುಳು ಮುತ್ತುತ್ತದೆ ಎಂಬುದು ಅವನ ಅನುಭವ. ಬೇರಿನ ಸೂಕ್ಷ್ಮಜೀವಿ ಗಿಡಕ್ಕೆ ಪೋಷಣೆಯನ್ನೂ ಹೆಚ್ಚಿಸುತ್ತದೆ, ರಕ್ಷಣೆಯನ್ನೂ ಬದಲಿಸುತ್ತದೆ. ಪುಷ್ಟವಾದ ಗಿಡ ಹುಳುವಿಗೂ ಪುಷ್ಟ ಆಹಾರವೇ. ಈ ಎರಡು ಪರಿಣಾಮಗಳ ಮೊತ್ತ ಧನವೋ ಋಣವೋ ಎಂಬುದು ಗಿಡ, ಕೀಟ ಮತ್ತು ಸೂಕ್ಷ್ಮಜೀವಿ ಮೂರನ್ನೂ ಅವಲಂಬಿಸಿದೆ.

ನಮ್ಮ ನಾಡಿನ ಒಂದು ಉದಾಹರಣೆಗೆ ಇದನ್ನು ಅನ್ವಯಿಸಿ ನೋಡೋಣ. 2018ರ ಮುಂಗಾರಿನ ಹೊತ್ತಿಗೆ ಫಾಲ್ ಸೈನಿಕ ಹುಳು ಶಿವಮೊಗ್ಗದ ಮೆಕ್ಕೆಜೋಳದಲ್ಲಿ ಪತ್ತೆಯಾಯಿತು. ಭಾರತದಲ್ಲಿ ಅದರ ಮೊದಲ ವರದಿಗಳು ಬಂದದ್ದು ಕರ್ನಾಟಕದಿಂದಲೇ. ಇದೂ ಸ್ಪೊಡಾಪ್ಟೆರ ಕುಲದ ಬಹುಭಕ್ಷಕ. ಹಾಗಾದರೆ ನೆದರ್ಲೆಂಡ್ಸ್‌ನ ಫಲಿತಾಂಶವನ್ನು ಇದಕ್ಕೆ ಹೊಂದಿಸಬಹುದೆ? ಸಾಧ್ಯವಿಲ್ಲ. ಮೆಕ್ಕೆಜೋಳದ ಮುಖ್ಯ ರಕ್ಷಣಾ ವಸ್ತುಗಳಾದ ಬೆಂಜಾಕ್ಸಾಜಿನಾಯ್ಡ್‌ಗಳನ್ನು ಈ ಹುಳು ತನ್ನ ಕರುಳಿನಲ್ಲಿ ಸಕ್ಕರೆಯ ಅಣುವಿಗೆ ಜೋಡಿಸಿ ನಿರ್ವಿಷ ಮಾಡಬಲ್ಲದು. ಹಲವು ಬೆಳೆ ತಿನ್ನುವ ಹುಳುವಾದರೂ ಮೆಕ್ಕೆಜೋಳದ ಮಟ್ಟಿಗೆ ಅದು ತಜ್ಞನಂತೆಯೇ ವರ್ತಿಸುತ್ತದೆ. ಆದ್ದರಿಂದ ಇಲ್ಲಿ ಉತ್ತರ ಬೇಕಾದರೆ ಮೆಕ್ಕೆಜೋಳದಲ್ಲಿ, ಇದೇ ಹುಳುವಿನ ಮೇಲೆ, ನಮ್ಮ ಮಣ್ಣಿನಲ್ಲಿ ಪ್ರಯೋಗ ಮಾಡಬೇಕು.

ನೆಲದೊಳಗಿನ ಸುದ್ದಿ

ಈಗ ‘ಇಂಟರ್ನೆಟ್’ ಕಥೆಗೆ ಬರೋಣ. 2013ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್ ವಿಶ್ವವಿದ್ಯಾಲಯದ ಜ್ಡೆಂಕಾ ಬಬಿಕೋವ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗವನ್ನು ವಿಜ್ಞಾನದ ವಿದ್ಯಾರ್ಥಿಗಳೆಲ್ಲ ಗಮನಿಸಬೇಕು. ಅವರೆ ಜಾತಿಯ ಫಾಬಾ ಬೀನ್ಸ್ ಗಿಡಗಳನ್ನು ಒಂದೇ ಮಣ್ಣಿನಲ್ಲಿ ಬೆಳೆಸಿ, ನಡುವಿನ ಒಂದು ಗಿಡಕ್ಕೆ ಮಾತ್ರ ಸಸ್ಯಹೇನುಗಳನ್ನು ಹತ್ತಿಸಿದರು. ಕೆಲವು ನೆರೆಯ ಗಿಡಗಳ ಸುತ್ತ 40 ಮೈಕ್ರೊಮೀಟರ್ ರಂಧ್ರಗಳ ಜಾಲರಿ. ಅದರಲ್ಲಿ ಬೇರು ದಾಟದು, ಶಿಲೀಂಧ್ರದ ಎಳೆ ದಾಟುತ್ತದೆ. ಇನ್ನೊಂದು ಗಿಡದ ಸುತ್ತ 0.5 ಮೈಕ್ರೊಮೀಟರ್ ಜಾಲರಿ. ಅದರಲ್ಲಿ ಎಳೆಯೂ ದಾಟದು, ನೀರಿನಲ್ಲಿ ಕರಗಿದ ವಸ್ತುಗಳು ಮಾತ್ರ ದಾಟುತ್ತವೆ. ಮತ್ತೊಂದರಲ್ಲಿ ಎಳೆಗಳು ಬೆಳೆಯಲು ಬಿಟ್ಟು, ಆಮೇಲೆ ಜಾಲರಿಯನ್ನು ತಿರುಗಿಸಿ ಕಡಿದು ಹಾಕಲಾಯಿತು. ಗಾಳಿಯಲ್ಲಿ ಸುದ್ದಿ ಸಾಗದಂತೆ ಗಿಡಗಳಿಗೆ ಚೀಲದ ಮುಸುಕು. ಶಿಲೀಂಧ್ರದ ಎಳೆಗಳಿಂದ ನಡುವಿನ ಗಿಡಕ್ಕೆ ಸಂಪರ್ಕ ಉಳಿದಿದ್ದ, ಇನ್ನೂ ಹೇನು ಹತ್ತದ ಗಿಡಗಳು ಸಹ ಹೇನುಗಳನ್ನು ದೂರವಿಡುವ ಮತ್ತು ಕಣಜಗಳನ್ನು ಕರೆಯುವ ವಾಸನೆಯನ್ನು ಸೂಸತೊಡಗಿದವು. ಸಂಪರ್ಕ ಕಡಿದ ಗಿಡಗಳು ಸೂಸಲಿಲ್ಲ.

ಪರ್ಯಾಯ ಕಾರಣಗಳನ್ನು ಒಂದೊಂದಾಗಿ ಹೊರಗಟ್ಟಿದ ಈ ವಿನ್ಯಾಸ ಮೆಚ್ಚತಕ್ಕದ್ದು. 2014ರಲ್ಲಿ ಚೀನಾದ ತಂಡವೊಂದು ಟೊಮೆಟೊ ಗಿಡಗಳಲ್ಲಿ, ನಮಗೂ ಪರಿಚಿತವಾದ ಸ್ಪೊಡಾಪ್ಟೆರ ಲಿಟುರ ಹುಳುವನ್ನು ಬಳಸಿ ಇದೇ ದಿಕ್ಕಿನ ಫಲಿತಾಂಶ ಪಡೆಯಿತು. ಆಕ್ಷೇಪವಿರುವುದು ಪ್ರಯೋಗದ ಮೇಲಲ್ಲ, ಅದರ ಮೇಲೆ ಕಟ್ಟಿದ ಮಹಡಿಗಳ ಮೇಲೆ. ಕುಂಡದಲ್ಲಿ ಕಂಡದ್ದನ್ನು ಇಡೀ ಕಾಡಿಗೆ ಹಿಗ್ಗಿಸಿ ‘ಮರಗಳು ಪರಸ್ಪರ ಎಚ್ಚರಿಸುತ್ತವೆ’ ಎಂದು ಬರೆಯಲಾಯಿತು. 2023ರಲ್ಲಿ ಜಸ್ಟೀನ್ ಕಾರ್ಸ್ಟ್, ಮೆಲನಿ ಜೋನ್ಸ್ ಮತ್ತು ಜೇಸನ್ ಹೋಕ್‌ಸೆಮ ಈ ಸಾಹಿತ್ಯವನ್ನೆಲ್ಲ ಜಾಲಾಡಿ, ಕಾಡಿನ ಮರಗಳ ನಡುವೆ ಶಿಲೀಂಧ್ರ ಜಾಲದ ಮೂಲಕ ಎಚ್ಚರಿಕೆ ಸಾಗುತ್ತದೆ ಎಂಬುದಕ್ಕೆ ಕ್ಷೇತ್ರದಲ್ಲಿ ನಡೆಸಿದ ಪ್ರಯೋಗದ ಆಧಾರವಿಲ್ಲ ಎಂದು ತೋರಿಸಿದರು. ಅನುಕೂಲ ಫಲಿತಾಂಶಗಳನ್ನೇ ಮತ್ತೆ ಮತ್ತೆ ಉಲ್ಲೇಖಿಸುವ ಪ್ರವೃತ್ತಿ ವಿಜ್ಞಾನಿಗಳ ಲೇಖನಗಳಲ್ಲೂ ಇದೆ ಎಂದು ಅವರು ಹೇಳಿದ್ದು ಗಮನಾರ್ಹ. ತಪ್ಪೆಲ್ಲ ಪತ್ರಕರ್ತರದ್ದು ಎಂದು ಕೈತೊಳೆದುಕೊಳ್ಳುವ ಹಾಗಿಲ್ಲ.

ಪೊಟ್ಟಣದ ಲೆಕ್ಕ

ಕೊನೆಗೆ, ರೈತನ ಕೈಗೆ ಬರುವ ಪೊಟ್ಟಣ. ಭಾರತದ ರಸಗೊಬ್ಬರ ನಿಯಂತ್ರಣ ಆದೇಶದೊಳಗೆ 2006ರಲ್ಲಿ ಜೈವಿಕ ಗೊಬ್ಬರಗಳನ್ನು ಸೇರಿಸಲಾಯಿತು. ಪುಡಿರೂಪದ ಬ್ಯಾಕ್ಟೀರಿಯ ಗೊಬ್ಬರದಲ್ಲಿ ಗ್ರಾಮಿಗೆ ಕನಿಷ್ಠ 5 ಕೋಟಿ ಜೀವಂತ ಕೋಶಗಳಿರಬೇಕು ಎಂಬುದು ಅಲ್ಲಿನ ಮಾನದಂಡ. ಸಂಖ್ಯೆ ದೊಡ್ಡದಾಗಿ ಕಾಣುತ್ತದೆ. ಒಂದು ಎಕರೆಗೆ 200 ಗ್ರಾಮಿನ ಪೊಟ್ಟಣವೊಂದನ್ನು ಬಳಸಿದರೆ 1,000 ಕೋಟಿ ಕೋಶಗಳಾದವು. ಈಗ ಒಂದು ಎಕರೆಯ ಮೇಲಿನ 15 ಸೆಂಟಿಮೀಟರ್ ಮಣ್ಣನ್ನು ಲೆಕ್ಕಹಾಕಿ. ಅದರ ತೂಕ ಸುಮಾರು 800 ಟನ್. ಗ್ರಾಮಿಗೆ 10 ಕೋಟಿಯಂತೆ ಕಡಿಮೆಯಾಗಿಯೇ ಹಿಡಿದರೂ, ಹೊಸದಾಗಿ ಬಂದ ಒಂದೊಂದು ಕೋಶಕ್ಕೆ ಎದುರಾಗಿ ಅಲ್ಲಿ ಮೊದಲೇ ನೆಲೆಸಿರುವ 80 ಲಕ್ಷ ಬ್ಯಾಕ್ಟೀರಿಯಗಳಿವೆ!

ಹೊಲಕ್ಕೆಲ್ಲ ಎರಚುವ ಬದಲು ಬೆಲ್ಲದ ಪಾಕದಲ್ಲಿ ಕಲಸಿ ಬೀಜಕ್ಕೆ ಲೇಪಿಸುವುದೇಕೆ ಎಂಬುದು ಈ ಲೆಕ್ಕದಿಂದಲೇ ತಿಳಿಯುತ್ತದೆ. ಬೀಜೋಪಚಾರದಲ್ಲಿ ಬ್ಯಾಕ್ಟೀರಿಯ ಎಳೆ ಬೇರಿನ ಮೇಲೆಯೇ ಮೊದಲು ಜಾಗ ಹಿಡಿಯಬಹುದು. ಮೂಲಂಗಿಯ ಸೊರಗು ರೋಗದ ಮೇಲೆ ಯೋಸ್ ರಾಯ್‌ಮೇಕರ್ಸ್ ಮತ್ತಿತರರು 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಗ್ರಾಂ ಬೇರಿಗೆ ಸುಮಾರು 1 ಲಕ್ಷ ಕೋಶಗಳ ಹೊಸ್ತಿಲಿಗಿಂತ ಸೂಡೊಮೊನಾಸ್ ಕಡಿಮೆಯಾದರೆ ರಕ್ಷಣೆ ಕಾಣಲಿಲ್ಲ. ಆದ್ದರಿಂದ ಪೊಟ್ಟಣದಲ್ಲಿ ಎಷ್ಟಿತ್ತು ಎಂಬುದಕ್ಕಿಂತ, ಬಿತ್ತಿ ಕೆಲವು ವಾರಗಳ ನಂತರ ಬೇರಿನ ಮೇಲೆ ಎಷ್ಟು ಉಳಿದಿದೆ ಎಂಬುದೇ ಮುಖ್ಯ. ಬಿಸಿಲಿಗೆ ಕಾದ ಅಂಗಡಿಯ ಕಪಾಟಿನಲ್ಲಿ ತಿಂಗಳುಗಟ್ಟಲೆ ಕುಳಿತ ಪೊಟ್ಟಣದಲ್ಲಿ ಮುದ್ರಿತ ಸಂಖ್ಯೆ ಹಾಗೆಯೇ ಇರುತ್ತದೆ, ಕೋಶಗಳು ಇರುವುದಿಲ್ಲ. 2024ರಲ್ಲಿ ಅಮೆರಿಕದ ತಂಡವೊಂದು 23 ಮೈಕೊರೈಜ ಉತ್ಪನ್ನಗಳನ್ನು ಪರೀಕ್ಷಿಸಿ, ಮಾರುಕಟ್ಟೆಯ ಸರಕಿನಲ್ಲಿ ಜೀವಂತ ಶಿಲೀಂಧ್ರ ವಿರಳವೆಂದೂ ಕೆಲವುಗಳಲ್ಲಿ ರೋಗಕಾರಕಗಳೂ ಇವೆಯೆಂದೂ ಕಂಡುಕೊಂಡಿತು.

ಗಮನಿಸಬೇಕಾದ ಇನ್ನೊಂದು ಅಂಶ ಕಾನೂನಿನದು. ಗೊಬ್ಬರವೆಂದು ನೋಂದಾಯಿಸಿದ ಪೊಟ್ಟಣ ಕೀಟವನ್ನು ತಡೆಯುತ್ತದೆಯೇ ಎಂದು ಯಾರೂ ಪರೀಕ್ಷಿಸಿರುವುದಿಲ್ಲ. ಕೀಟ ಅಥವಾ ರೋಗದ ನಿಯಂತ್ರಣ ಎಂದು ಹೇಳಿಕೊಂಡು ಮಾರುವ ಸರಕಿಗೆ 1968ರ ಕೀಟನಾಶಕ ಕಾಯಿದೆಯಡಿ ಪ್ರತ್ಯೇಕ ನೋಂದಣಿ ಬೇಕು. ಕರಪತ್ರಗಳು ಗೊಬ್ಬರದ ಪರವಾನಗಿಯಲ್ಲಿ ಕೀಟದ ಭರವಸೆ ಮಾರುವಾಗ ಈ ಗೆರೆಯನ್ನು ಅಳಿಸಿಹಾಕುತ್ತವೆ.

ಹೊಲದಲ್ಲಿ ಆದ ಕೆಲಸ ಇಲ್ಲವೇ? ಇದೆ. ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ಸಂಶೋಧಕರು ಪಿಎಫ್1 ಮತ್ತು ಎಫ್‌ಪಿ7 ಎಂಬ ಎರಡು ಸೂಡೊಮೊನಾಸ್ ತಳಿಗಳ ಟಾಲ್ಕ್ ಪುಡಿಯನ್ನು ಭತ್ತದಲ್ಲಿ ಪರೀಕ್ಷಿಸಿ, ಎಲೆಕವಚದ ರೋಗ ಮತ್ತು ಎಲೆ ಮಡಚುವ ಹುಳು ಎರಡೂ ತಗ್ಗಿದ್ದನ್ನು 2002ರಲ್ಲಿ ವರದಿ ಮಾಡಿದರು. ಬೆಳೆ, ಕೀಟ, ತಳಿ ಮೂರನ್ನೂ ಹೆಸರಿಸಿ ಹೇಳಿದ ಇಂಥ ಫಲಿತಾಂಶ ನೂರು ಘೋಷಣೆಗಳಿಗಿಂತ ಬೆಲೆಯುಳ್ಳದ್ದು. ಸ್ವಿಟ್ಜರ್ಲೆಂಡಿನಲ್ಲಿ ಮೆಕ್ಕೆಜೋಳದ 54 ಹೊಲಗಳಿಗೆ ಮೈಕೊರೈಜ ಹಾಕಿ ಬೆಳವಣಿಗೆಯನ್ನು ಅಳೆದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಅದು ಕೀಟಗಳನ್ನು ಕುರಿತದ್ದಲ್ಲ, ಆದರೂ ಮಾದರಿಯಾಗಬಲ್ಲದು. ಫಲ ಶೇಕಡ 12ರ ಇಳಿಕೆಯಿಂದ ಶೇಕಡ 40ರ ಏರಿಕೆಯವರೆಗೆ ಹರಡಿತ್ತು. ಸಂಶೋಧಕರು ಸರಾಸರಿಯನ್ನಷ್ಟೇ ಹೇಳಿ ಸುಮ್ಮನಾಗದೆ, ಮಣ್ಣಿನಲ್ಲಿ ಮೊದಲೇ ಇದ್ದ ರೋಗಕಾರಕ ಶಿಲೀಂಧ್ರಗಳನ್ನು ನೋಡಿದರೆ ಯಾವ ಹೊಲದಲ್ಲಿ ಫಲ ಸಿಕ್ಕೀತು ಎಂದು ಮುಂದಾಗಿ ಹೇಳಬಹುದೆಂದು ತೋರಿಸಿದರು. ಎಲ್ಲೆಲ್ಲಿ ಕೆಲಸ ಮಾಡುವುದಿಲ್ಲ ಎಂದು ಹೇಳಬಲ್ಲ ವಿಜ್ಞಾನವೇ ರೈತನ ಹಣ ಉಳಿಸುವುದು.

ಹಾಗಾದರೆ ಓದುಗರಾದ ನೀವು ಏನು ಮಾಡಬಹುದು? ಮುಂದಿನ ಸಲ ಇಂಥ ಹೇಳಿಕೆ ಎದುರಾದಾಗ ಯಾವ ತಳಿ, ಯಾವ ಬೆಳೆ, ಯಾವ ಕೀಟ ಎಂದು ಕೇಳಿ. ಕುಂಡದಲ್ಲೋ ಹೊಲದಲ್ಲೋ, ಎಷ್ಟು ಹಂಗಾಮು ಎಂದು ಕೇಳಿ. ಹೋಲಿಕೆಗೆ ಇಟ್ಟ ಗಿಡಗಳಿಗೆ ಏನು ಕೊಟ್ಟಿದ್ದರು ಎಂಬುದನ್ನಂತೂ ತಪ್ಪದೆ ಕೇಳಿ. ಏನೂ ಹಾಕದ ತಾಕಿನ ಜೊತೆಗಿನ ಹೋಲಿಕೆ ಸಾಲದು. ಅದೇ ಪುಡಿಯನ್ನು, ಅದೇ ಬೆಲ್ಲದ ಪಾಕವನ್ನು, ಬ್ಯಾಕ್ಟೀರಿಯವನ್ನು ಕಾಯಿಸಿ ಕೊಂದು ಹಾಕಿದ ತಾಕೊಂದು ಪಕ್ಕದಲ್ಲಿರಬೇಕು. ಹುಳು ಎಣಿಸುವವನಿಗೆ ಯಾವ ತಾಕು ಯಾವುದೆಂದು ತಿಳಿದಿರಬಾರದು. ಇದಕ್ಕೆ ದುಬಾರಿ ಉಪಕರಣವೇನೂ ಬೇಕಿಲ್ಲ. ಪ್ರೌಢಶಾಲೆಯ ವಿಜ್ಞಾನ ಸಂಘವೂ ಊರಿನ ರೈತರೊಡನೆ ಸೇರಿ ಒಂದು ಹಂಗಾಮಿನಲ್ಲಿ ಇದನ್ನು ಮಾಡಿ ನೋಡಬಹುದು. ಹುಳುಗಳ ಎಣಿಕೆ ಎರಡೂ ತಾಕುಗಳಲ್ಲಿ ಒಂದೇ ಬಂದರೆ ಅದನ್ನೂ ಬರೆದಿಡಿ; ಆ ಪೊಟ್ಟಣವನ್ನು ನಂಬಿ ಸಾಲ ಮಾಡಲು ಹೊರಟಿರುವ ಪಕ್ಕದ ಹೊಲದವರಿಗೆ ಅದು ಬೇಕಾದ ಮಾಹಿತಿ.